"ಅಕ್ಕಿ ಇಲ್ಲ" ಅನ್ನದ ಮನೆಗಳು: ನಿಮ್ಮ ಕಡೆ ಹೇಗೆ ಹೇಳುತ್ತಿದ್ದರು?

ತಿಪಟೂರಿನ ಮಗಳು:

ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಕೆಲವು ಮಾತು ಆಡುವಂತೆಯೇ ಇರಲಿಲ್ಲ. ಡಬ್ಬದ ತಳ ಕಾಣುತ್ತಿದ್ದರೂ "ಅಕ್ಕಿ ಇಲ್ಲ" ಅನ್ನಬಾರದು. "ಅಕ್ಕಿ ತುಂಬಿದೆ, ತರಿಸಬೇಕು" ಅನ್ನಬೇಕು. ಅರಿಶಿನ ಕುಂಕುಮಕ್ಕೂ ಹಾಗೇ, ಖಾಲಿ ಅನ್ನುವ ಮಾತೇ ಇಲ್ಲ. ದೀಪ ಆರಿಸು ಅಂದರೆ ಅಜ್ಜಿ ಕಣ್ಣು ಬಿಡುತ್ತಿದ್ದರು, "ದೀಪ ದೊಡ್ಡದು ಮಾಡು" ಅನ್ನಬೇಕಿತ್ತು. ಬಳೆ ಒಡೆದರೆ "ಬಳೆ ಹೆಚ್ಚಿತು". ಹೊರಟವರನ್ನು "ಎಲ್ಲಿಗೆ" ಅಂತ ಕೇಳಿದರೆ ಹೋದ ಕೆಲಸ ಕೆಡುತ್ತದಂತೆ, ಅದಕ್ಕೆ "ದೂರ ಹೊರಟ್ರಾ?" ಅಂತ ಕೇಳೋದು, ಅವರು "ಇಲ್ಲೇ, ಸಂತೆಗೆ" ಅಂತ ತಾವೇ ಹೇಳೋದು. ಇನ್ನು "ಹೋಗ್ತೀನಿ" ಅಂದರಂತೂ ಹೊಸ್ತಿಲು ದಾಟೋಕೆ ಬಿಡುತ್ತಿರಲಿಲ್ಲ, "ಹೋಗಿ ಬರ್ತೀನಿ" ಅಂತ ಹೇಳಿಸಿಯೇ ಕಳಿಸುತ್ತಿದ್ದರು.

ಇದನ್ನೆಲ್ಲ ಮೂಢನಂಬಿಕೆ ಅಂತ ತಳ್ಳಿಹಾಕುವವರು ಇದ್ದಾರೆ, ಇರಲಿ. ನನಗೆ ಅನ್ನಿಸೋದು ಬೇರೆ. ನಮ್ಮಜ್ಜಿ ಕಾಲಕ್ಕೆ ಡಬ್ಬ ನಿಜವಾಗಿಯೂ ಖಾಲಿಯಾಗುತ್ತಿತ್ತು, ಮುಂದಿನ ಫಸಲಿನ ತನಕ ತುಂಬುವ ಭರವಸೆಯೂ ಇರುತ್ತಿರಲಿಲ್ಲ. ಅಂಥ ಮನೆಯಲ್ಲಿ ಮಕ್ಕಳ ಎದುರು "ಇಲ್ಲ" ಅನ್ನದೆ ದಿನ ದೂಡಬೇಕಿತ್ತು. ಆ ಹೆಂಗಸರು ಕಂಡುಕೊಂಡ ದಾರಿ ಇದು. ಈಗ ನಮ್ಮ ಮನೆಯಲ್ಲಿ ಅಕ್ಕಿ ಮುಗಿದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ, ಮಗ "ರೈಸ್ ಖಾಲಿ" ಅಂತ ಕೂಗಿ ಹೇಳುತ್ತಾನೆ. ಅವನ ತಪ್ಪೇನೂ ಇಲ್ಲ. ಆದರೆ ಆ ಮಾತುಗಳು ನನ್ನ ತಲೆಮಾರಿಗೇ ನಿಂತುಹೋಗುತ್ತವಲ್ಲ ಅಂತ ನಿಜವಾಗಲೂ ಸಂಕಟ ಆಗುತ್ತದೆ. ನಿಮ್ಮ ಕಡೆ ಹೇಗೆ ಹೇಳುತ್ತಿದ್ದರು, ಯಾವ ರೂಢಿ ಇತ್ತು, ದಯವಿಟ್ಟು ಬರೆಯಿರಿ. ಉದ್ದ ಆದರೂ ಪರವಾಗಿಲ್ಲ.

ಮಂಡ್ಯದವನು:

ಅಕ್ಕ, ನಮ್ಮಲ್ಲೂ ಇದೇ. ಜೊತೆಗೆ ರಾತ್ರಿ ಹೊತ್ತು ಹಾವು ಅನ್ನುವಂತಿರಲಿಲ್ಲ, "ಹುಳ" ಅನ್ನಬೇಕು. ಕಚ್ಚಿದರೆ "ಹುಳ ಮುಟ್ಟಿತು". ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ, ಹೆಪ್ಪು ಯಾರಿಗೂ ಕೊಡುತ್ತಿರಲಿಲ್ಲ. ಉಪ್ಪನ್ನು ಹಗಲಲ್ಲೂ ಕೈಯಿಂದ ಕೈಗೆ ಕೊಡೋದಿಲ್ಲ, ಕೆಳಗಿಡಬೇಕು, ಅವರು ತಗೋಬೇಕು. ಕೈಗೆ ಕೊಟ್ಟರೆ ಜಗಳ ಬರುತ್ತದೆ ಅಂತ. ನಮ್ಮವ್ವ ಇವತ್ತಿಗೂ ಉಪ್ಪಿನ ಡಬ್ಬಿ ಕೈಗೆ ಕೊಡಲ್ಲ.

ಧಾರವಾಡ ಸೀಮೆ:

ನಮ್ಮ ಕಡೆ "ಮಡಿಲು ತುಂಬೋದು" ಅನ್ನೋದಕ್ಕೆ "ಉಡಿ ತುಂಬೋದು" ಅಂತಾರೆ, ಬಳೆ ವಿಚಾರ ನೀವು ಹೇಳಿದಂತೆಯೇ. ನಾನು ಬರೆಯಬೇಕು ಅಂದುಕೊಂಡಿದ್ದು ಬನ್ನಿ ವಿಷಯ. ದಸರಾ ಹಬ್ಬದ ದಿನ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗೋದು, ಹಿರಿಯರ ಕೈಗೆ ಎಲೆ ಇಟ್ಟು ಕಾಲಿಗೆ ಬೀಳೋದು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅನ್ನೋದು. ಇದು ಈಗಲೂ ಇದೆ, ಆದರೆ ಜಾಸ್ತಿ ಜನ ಮೊಬೈಲಿನಲ್ಲಿ ಬನ್ನಿ ಎಲೆಯ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ.

ಚಿತ್ರ ಕಳಿಸಿದರೆ ಯಾಕೆ ಸಾಲದು ಅಂತ ಒಂದು ಘಟನೆ ಹೇಳ್ತೀನಿ. ನಮ್ಮಪ್ಪನಿಗೂ ಪಕ್ಕದ ಹೊಲದ ಕಾಕಾಗೂ ಬದುವಿನ ಜಗಳ. ಇಬ್ಬರೂ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಹಬ್ಬದ ಸಂಜೆ ಅಪ್ಪ ಎಲ್ಲ ಮನೆ ಮುಗಿಸಿ ಕೊನೆಗೆ ಅವರ ಕಟ್ಟೆ ಮುಂದೆ ನಿಂತರು. ಕಾಕಾ ಒಳಗಿಂದ ಬಂದರು. ಒಂದು ಗಳಿಗೆ ಇಬ್ಬರೂ ಮಾತಾಡಲಿಲ್ಲ. ಅಪ್ಪ ಜೇಬಿನಿಂದ ಎಲೆ ತೆಗೆದರು, ಬೆಳಗಿನಿಂದ ಜೇಬಲ್ಲಿದ್ದು ಬಾಡಿ ಹೋಗಿತ್ತು. ಕಾಕಾ ಎರಡೂ ಕೈ ಚಾಚಿ ತಗೊಂಡು ಹಣೆಗೆ ಒತ್ತಿಕೊಂಡರು, "ಬಾರಪಾ, ಒಳಗ ಬಾ" ಅಂದರು. ಅಷ್ಟೇ. ಬದು ಇದ್ದಲ್ಲೇ ಇತ್ತು, ಕೋರ್ಟಿಗೆ ಹೋಗೋದು ಮಾತ್ರ ನಿಂತಿತು. ಅವರಿಬ್ಬರಿಗೂ ಕ್ಷಮೆ ಕೇಳೋಕೆ ಬರುತ್ತಿರಲಿಲ್ಲ, ಬಾಯಿಯೇ ಏಳುತ್ತಿರಲಿಲ್ಲ. ಹಬ್ಬ ಅವರಿಗೆ ಒಂದು ಮಾತು ಕೊಟ್ಟಿತ್ತು, ಅದನ್ನು ಹೇಳಿದರೆ ಸಾಕಾಗಿತ್ತು. ಸಂಕ್ರಾಂತಿಗೆ ನಿಮ್ಮ ಕಡೆ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಅಂತಾರಲ್ಲ, ಅದೂ ಇದೇ ಕೆಲಸ ಮಾಡುತ್ತಿತ್ತು ಅಲ್ವಾ?

ಶಿರಸಿ ಘಟ್ಟದ ಮೇಲಿನವಳು:

ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ ನೀರು. ಕಂಚಿನ ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ತಣ್ಣಗಿನ ನೀರು. ಬಿಸಿಲಲ್ಲಿ ಘಟ್ಟ ಹತ್ತಿ ನಡೆದು ಬಂದವರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅದಾದ ಮೇಲೆ "ಆಸ್ರಿಗೆ ಎಂತ ಮಾಡ್ಲಿ?" ಅಂತ ಕೇಳೋದು. ಆಸ್ರಿ ಅಂದರೆ ಬಾಯಾರಿಕೆಗೆ ಕೊಡೋದು, ಮಜ್ಜಿಗೆ, ಕಷಾಯ, ಪಾನಕ, ಆಮೇಲೆ ಚಾ ಕೂಡ ಅದರೊಳಗೇ ಸೇರಿತು. ಅದು ಮುಗಿದ ಮೇಲೆ ಕವಳದ, ಅಂದರೆ ಎಲೆ ಅಡಿಕೆಯ ತಟ್ಟೆ ಮುಂದಕ್ಕೆ ಬರುತ್ತಿತ್ತು. ಬಂದ ಕಾರಣ ಕೇಳೋದು ಅದರ ನಂತರವೇ. ಯಾರೂ ಬಾಗಿಲಲ್ಲೇ "ಏನು ಬಂದಿದ್ದು?" ಅಂತ ಕೇಳುತ್ತಿರಲಿಲ್ಲ.

ಇನ್ನೊಂದು, ಪಾತ್ರೆ ಖಾಲಿ ವಾಪಸ್ ಕೊಡಬಾರದು ಅನ್ನೋದು. ಪಕ್ಕದ ಮನೆಯಿಂದ ಹಲಸಿನ ಹಣ್ಣಿನ ಕಡುಬು ಒಂದು ಡಬ್ಬಿಯಲ್ಲಿ ಬಂತು ಅಂದರೆ ಆ ಡಬ್ಬಿ ತೊಳೆದು ಒಂದು ಚೂರು ಬೆಲ್ಲ ಆದರೂ ಹಾಕಿಯೇ ಕಳಿಸೋದು. ನಮ್ಮ ಆಯಿ ಏನೂ ಇಲ್ಲದ ದಿನ ಹಿತ್ತಲಿನ ನಾಲ್ಕು ಹಸಿಮೆಣಸು ಹಾಕಿ ಕಳಿಸಿದ್ದು ನೆನಪಿದೆ. ಆಮೇಲೆ ಅವರು ಮತ್ತೆ ಏನೋ ಹಾಕಿ ಕಳಿಸುತ್ತಿದ್ದರು, ಡಬ್ಬಿ ಯಾರದ್ದು ಅನ್ನೋದೇ ಮರೆತು ಹೋಗುತ್ತಿತ್ತು. ಈಗ ನಾನಿರುವ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದನ್ನು ಬಿಟ್ಟಿಲ್ಲ. ಮೇಲಿನ ಮನೆಯ ಬಂಗಾಳಿ ಹುಡುಗಿಯೂ ಈಗ ಖಾಲಿ ಡಬ್ಬಿ ಕೊಡೋದಿಲ್ಲ, ಹೋದ ವಾರ ಅವರ ಕಡೆಯ ಸಂದೇಶ್ ಸಿಹಿ ಬಂತು.

ಹಾಸನದ ಮೇಷ್ಟ್ರು:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾನು ಅಳತೆ ಮಾತು ಸೇರಿಸುತ್ತೇನೆ.

ಕಣದಲ್ಲಿ ಒಕ್ಕಣೆ ಆಗಿ ರಾಶಿ ಪೂಜೆ ಮುಗಿದ ಮೇಲೆ ಅಳೆಯೋದು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಕೊಳಗ ಹಿಡಿದವರು ಮೊದಲನೆಯದಕ್ಕೆ "ಒಂದು" ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದರು. ಲಾಭ, ಎರಡು, ಮೂರು, ಹೀಗೆ. ಅದೂ ರಾಗವಾಗಿ, ಒಂದೊಂದು ಕೊಳಗ ಸುರಿಯುವ ತನಕ ಆ ಸಂಖ್ಯೆಯನ್ನೇ ಎಳೆದು ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದರೆ ಲೆಕ್ಕ ತಪ್ಪೋದಿಲ್ಲ, ನಡುವೆ ಯಾರೂ ಮಾತಾಡಿಸೋದೂ ಇಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗದ್ದೆಯನ್ನೂ ಹಾಗೇ ಹೇಳೋದು, "ಎರಡು ಖಂಡುಗದ ಗದ್ದೆ" ಅಂದರೆ ಅಷ್ಟು ಬಿತ್ತನೆ ಹಿಡಿಯುವ ಗದ್ದೆ ಅಂತ. ಮನೆಯೊಳಗೆ ಪಾವು, ಸೇರು. ನಾಲ್ಕು ಪಾವು ಒಂದು ಸೇರು. ಸರ್ಕಾರ 1956ರಲ್ಲಿ ಅಳತೆ ತೂಕದ ಕಾಯ್ದೆ ತಂದು ಕಿಲೋ, ಲೀಟರು ಬಂದು ಇಷ್ಟು ವರ್ಷ ಆದರೂ ಅಡುಗೆಮನೆಯಲ್ಲಿ ಪಾವು ಉಳಿದುಕೊಂಡಿದೆ. ಇವತ್ತಿಗೂ "ಮೂರು ಜನಕ್ಕೆ ಒಂದು ಪಾವು ಇಡು" ಅನ್ನುವ ಮನೆಗಳಿವೆ.

ದುಡ್ಡಿನ ಮಾತೂ ಹಾಗೇ. ಹದಿನಾರಾಣೆಯ ರೂಪಾಯಿ 1957ರ ಏಪ್ರಿಲ್ 1ರಂದು ನೂರು ನಯಾಪೈಸೆ ಆಯಿತು. ಆಣೆ ಹೋದ ಎಷ್ಟೋ ವರ್ಷದ ಮೇಲೆ ಹುಟ್ಟಿದ ಮಕ್ಕಳೂ 25 ಪೈಸೆಗೆ ನಾಲ್ಕಾಣೆ, 50 ಪೈಸೆಗೆ ಎಂಟಾಣೆ ಅಂತಲೇ ಕಲಿತರು. ನಾಲ್ಕಾಣೆ ನಾಣ್ಯದ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. "ನೀನು ಹೇಳಿದ್ದು ಹದಿನಾರಾಣೆ ನಿಜ" ಅನ್ನೋದು ಮಾತ್ರ ಇನ್ನೂ ಚಲಾವಣೆಯಲ್ಲಿದೆ.

ತಿಪಟೂರಿನವರು ಹೇಳಿದ "ಅಕ್ಕಿ ತುಂಬಿದೆ" ಮಾತಿಗೆ ಇದನ್ನೂ ಸೇರಿಸಿ. ನಾನು ಶಾಲೆಗೆ ಹೋಗುತ್ತಿದ್ದ ಅರವತ್ತರ ದಶಕದಲ್ಲಿ ಬರ ಬಂದು ಅಮೆರಿಕದಿಂದ ಹಡಗಲ್ಲಿ ಗೋಧಿ ಬರುತ್ತಿತ್ತು. ಶಾಲೆಯಲ್ಲಿ ಕೇರ್ ಸಂಸ್ಥೆಯ ಗೋಧಿ ರವೆ ಉಪ್ಪಿಟ್ಟು, ಪುಡಿ ಹಾಲು ಕೊಡುತ್ತಿದ್ದರು. ಅದನ್ನು ತಿನ್ನಲಿಕ್ಕೆಂದೇ ಶಾಲೆಗೆ ಬರುವ ಮಕ್ಕಳಿದ್ದರು. ಮನೆಯಲ್ಲಿ "ತುಂಬಿದೆ" ಅನ್ನುವ ಮಾತು ಕೇಳಿ ಬಂದ ಮಕ್ಕಳೇ ಅವರು.

ಕಲಬುರಗಿ ಬಿಸಿಲು:

ಮೇಷ್ಟ್ರೇ, ಕಣದ ಮಾತು ಬಂತಲ್ಲ, ನಮ್ಮ ಕಡೆ ಎಳ್ಳಮಾಸಿಗೆ ಚರಗ ಚೆಲ್ಲೋದು ಇದೆ. ಸಜ್ಜೆ ರೊಟ್ಟಿ, ಕಡುಬು, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಚಕ್ಕಡಿ ಹೂಡಿ ಹೊಲಕ್ಕೆ ಹೋಗಿ ಮೊದಲು ಭೂಮಿಗೆ ಉಣಿಸಿ ಆಮೇಲೆ ನಾವು ಉಣ್ಣೋದು. ದಾರಿಯಲ್ಲಿ ಹೋಗುವವರನ್ನು ಯಾರೇ ಆಗಲಿ ಕರೆಯೋದು, "ಬರ್ರಿ, ಉಣ್ಣಾಕ ಬರ್ರಿ". ಹೆಸರು ಗೊತ್ತಿರಬೇಕು ಅಂತೇನಿಲ್ಲ. ಈ ವರ್ಷವೂ ಹೋಗಿದ್ದೆವು, ಕಾರಿನಲ್ಲಿ. ಊಟ ಅದೇ, ಕರೆಯೋದೂ ಅದೇ.

ದಾವಣಗೆರೆ ಸೊಸೆ:

ಎಲ್ಲ ಓದಿ ಖುಷಿಯಾಯಿತು, ಆದರೆ ಒಂದು ಮಾತು ಹೇಳಲೇಬೇಕು. ಆ ಕಾಲದ ಮುಚ್ಚುಮಾತುಗಳಲ್ಲಿ "ಕಾಗೆ ಮುಟ್ಟಿದೆ" ಅನ್ನೋದೂ ಒಂದು. ಅಮ್ಮ ಹಿತ್ತಲಲ್ಲಿ ಚಾಪೆ ಹಾಕಿಕೊಂಡು ಕೂತಿರುತ್ತಿದ್ದಳು, ಹತ್ತಿರ ಹೋಗಬೇಡ, ಕಾಗೆ ಮುಟ್ಟಿದೆ ಅಂತ ನನಗೆ ಹೇಳುತ್ತಿದ್ದರು. ನಾನು ನಿಜವೆಂದೇ ನಂಬಿ ಕಾಗೆ ಕಂಡರೆ ಕಲ್ಲು ಹೊಡೆಯುತ್ತಿದ್ದೆ, ಅಮ್ಮನನ್ನು ನನ್ನಿಂದ ದೂರ ಮಾಡುತ್ತದೆ ಅಂತ. ನನ್ನ ಸರದಿ ಬಂದಾಗ ಯಾರೂ ಏನೂ ವಿವರಿಸಲಿಲ್ಲ. ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ ಕೊಟ್ಟು ಅದೇ ಜಾಗ ತೋರಿಸಿದರು. ಮಳೆಗಾಲದಲ್ಲಿ ಅಲ್ಲಿ ಎರಚಲು ಹೊಡೆಯುತ್ತಿತ್ತು.

ಹಳೆಯ ಮಾತು ಹೋಯಿತಲ್ಲ ಅಂತ ನಾವು ಕೊರಗುವಾಗ ಈ ಮಾತೂ ಹೋಗಿದೆ ಅನ್ನೋದು ನೆನಪಿರಲಿ. ಇದು ಹೋಗಿದ್ದು ಒಳ್ಳೆಯದೇ ಆಯಿತು. ನನ್ನ ಮಗಳಿಗೆ ನಾನು ಇದ್ದದ್ದನ್ನು ಇದ್ದಂತೆ ಹೇಳಿದ್ದೇನೆ.

ಮಂಡ್ಯದವನು:

ಮೇಡಂ, ನಮ್ಮವ್ವ "ಆ ಮೂರು ದಿನ ಆದ್ರೂ ಕೆಲಸ ತಪ್ಪುತ್ತಿತ್ತು" ಅಂತಾರೆ. ಅದೂ ಒಂದು ಇತ್ತಲ್ವಾ?

ದಾವಣಗೆರೆ ಸೊಸೆ:

ಇತ್ತು ಅಣ್ಣ, ನಮ್ಮಮ್ಮನೂ ಹೇಳುತ್ತಾಳೆ. ಆದರೆ ವಿಶ್ರಾಂತಿ ಕೊಡೋಕೆ ಹಿತ್ತಲಿಗೆ ಕಳಿಸಬೇಕಿರಲಿಲ್ಲ. ಒಳಗೇ ಮಲಗಿಸಿ ನೀವು ಅಡುಗೆ ಮಾಡಬಹುದಿತ್ತು. ನಿಮ್ಮವ್ವನಿಗೆ ಹೊರಗೆ ಕೂತರೆ ಮಾತ್ರ ಕೈಗೆ ಬಿಡುವು ಸಿಗುತ್ತಿತ್ತು, ನನಗೆ ಅದೇ ಬೇಜಾರು.

ಕೋಲಾರದ ಕೆರೆ ಬಯಲು:

ಮೇಷ್ಟ್ರು ಕಣದ ವಿಷಯ ಬರೆದಿದ್ದಾರೆ. ಅದೇ ಕಣದ ಹೊರಗಿನಿಂದ ನಾನು ಬರೆಯುತ್ತೇನೆ.

ನಮ್ಮ ತಾತ ಊರಿನ ತೋಟಿ, ಊರಿನ ಚಾಕರಿ ಅವರದು. ಸುಗ್ಗಿಯಲ್ಲಿ ಊರಿನ ಕೆಲಸ ಮಾಡುವ ಆಯಗಾರರಿಗೆಲ್ಲ ಆಯ, ಅಂದರೆ ಬೆಳೆಯ ಪಾಲು ಕೊಡುತ್ತಿದ್ದರು, ಬಡಗಿ, ಕಮ್ಮಾರ, ಅಗಸ ಎಲ್ಲರ ಪಾಲೂ ಆಗಿ ನಮ್ಮ ಪಾಲು ಕೊನೆಗೆ. ತಾತ ಬೇಲಿ ಹೊರಗೆ ನಿಂತು ಟವೆಲ್ ಹಿಡಿಯುತ್ತಿದ್ದರು, ಕಾಳನ್ನು ಮೇಲಿಂದ ಸುರಿಯುತ್ತಿದ್ದರು. ನೀರು ಕೇಳಿದರೂ ಮೇಲಿಂದ, ಬೊಗಸೆಗೆ. ಆದ್ದರಿಂದ "ಖಾಲಿ ಡಬ್ಬಿ ವಾಪಸ್ ಕೊಡಬಾರದು" ಅನ್ನುವ ರೂಢಿ ಓದಿದಾಗ ನನಗೆ ಮೊದಲು ಬಂದ ಯೋಚನೆ, ನಮ್ಮ ಡಬ್ಬಿ ಆ ಮನೆಗಳ ಒಳಗೆ ಹೋಗಲೇ ಇಲ್ಲ ಅಂತ. 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯದ ಗ್ರಾಮದ ಹುದ್ದೆಗಳು ರದ್ದಾದವು. ಆದರೂ ಊರಲ್ಲಿ ತಾತನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಮಕ್ಕಳೂ ಏಕವಚನದಲ್ಲೇ ಕರೆಯುತ್ತಿದ್ದರು. ಜೀತ ಅನ್ನುವ ಮಾತು ನಮ್ಮ ಕೇರಿಯಲ್ಲಿ ದಿನಬಳಕೆಯದು, 1976ರಲ್ಲಿ ಜೀತ ಪದ್ಧತಿ ನಿಷೇಧದ ಕಾಯ್ದೆ ಬಂದಮೇಲೂ ನಾನು ಆ ಮಾತು ಕೇಳಿಕೊಂಡೇ ಬೆಳೆದೆ.

ಆದರೆ ನಮ್ಮ ಕೇರಿಗೂ ಬಾಲ್ಯ ಇತ್ತು, ಅದಕ್ಕೂ ಮಾತು ಇತ್ತು, ಅದೂ ಇಲ್ಲಿ ಬರಬೇಕು. "ಮುಯ್ಯಾಳು" ಅಂತ ಒಂದಿತ್ತು. ಇವತ್ತು ನಿಮ್ಮ ಹೊಲದ ಕಳೆಗೆ ನಾವು ನಾಲ್ಕು ಜನ ಬಂದರೆ ನಾಳೆ ನಮ್ಮ ಮನೆ ಸೂರು ಹೊದಿಸೋಕೆ ನೀವು ನಾಲ್ಕು ಜನ. ಕೂಲಿ ಇಲ್ಲ, ಸಾಲ ಅಂತ ಬರೆದಿಡೋದೂ ಇಲ್ಲ, ಎಲ್ಲರಿಗೂ ಲೆಕ್ಕ ಬಾಯಲ್ಲೇ. ಕೈಯಲ್ಲಿ ಕಾಸಿಲ್ಲದೆ ನಮ್ಮ ಕೇರಿಯಲ್ಲಿ ಮನೆಗಳು ಎದ್ದಿದ್ದು ಹೀಗೆ. ಮದುವೆಗೂ ಮುಯ್ಯಿ. ಒಬ್ಬರು ಎರಡು ಸೇರು ರಾಗಿ, ಒಬ್ಬರು ಒಂದು ಕೋಳಿ, ಒಬ್ಬರು ಐದು ರೂಪಾಯಿ. ಅವರ ಮನೆಯ ಮದುವೆಗೆ ಅಷ್ಟನ್ನು ಅಥವಾ ಸ್ವಲ್ಪ ಹೆಚ್ಚು ತಿರುಗಿ ಕೊಡೋದು. ಮುಯ್ಯಿ ತೀರಿಸದೆ ಉಳಿದರೆ ನಮ್ಮಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಮಗಳು ಬಾಣಂತನ ಮುಗಿಸಿ ಹೊರಡುವಾಗ ಹಾಡುತ್ತಿದ್ದ ಸೋಬಾನೆ ಪದ ಅಜ್ಜಿಗೆ ರಾತ್ರಿಯೆಲ್ಲ ಹಾಡುವಷ್ಟು ಬರುತ್ತಿತ್ತು. ಯಾರೂ ಬರೆದುಕೊಳ್ಳಲಿಲ್ಲ.

ಹಾಸನದ ಮೇಷ್ಟ್ರು:

ಕೋಲಾರದವರೇ, ನೀವು ಬರೆದದ್ದು ಪ್ರತಿ ಅಕ್ಷರವೂ ನಿಜ. ಬೇಲಿ ಹೊರಗೆ ನಿಂತವರನ್ನು ನಾನೂ ನೋಡಿಕೊಂಡು ಬೆಳೆದವನು. ಕಣದ ಮಾತು ಬರೆಯುವವರು ಇದನ್ನೂ ಬರೆಯಬೇಕು, ಇಲ್ಲದಿದ್ದರೆ ಅರ್ಧ ಕಣ ಮಾತ್ರ ಬರೆದಂತೆ. ಮುಯ್ಯಾಳು ನಮ್ಮ ಕಡೆಯೂ ಇತ್ತು. ಟ್ರ್ಯಾಕ್ಟರ್ ಬಂತು, ನಾಟಿಗೆ ಕೂಲಿ ಗುಂಪುಗಳು ಬಂದವು, ಒಬ್ಬರ ಹೊಲಕ್ಕೆ ಒಬ್ಬರು ಹೋಗೋದು ನಿಂತಿತು.

ಕುಂದಾಪ್ರ ಬದಿಯವ:

ಹ್ವಾಯ್, ನಮ್ಮನ್ನು ಬಿಡಬೇಡಿ! ನಮ್ಮ ಕಡೆ ಆಸಾಡಿ ಅಮಾಸಿ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ಆಚರಿಸ್ತಾರೆ. ಆಸಾಡಿ ಅಂದರೆ ಮಳೆ ಜೋರು, ಸಮುದ್ರಕ್ಕೆ ದೋಣಿ ಇಳಿಯೋದಿಲ್ಲ, ಮನೆಯಲ್ಲಿ ಕಷ್ಟದ ತಿಂಗಳು. ಹಪ್ಪಳ, ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಇದರಲ್ಲೇ ದಿನ ಹೋಗಬೇಕು. ಅಂಥ ತಿಂಗಳನ್ನೇ ಭಾಷೆಯ ಹಬ್ಬಕ್ಕೆ ಆರಿಸಿಕೊಂಡಿದ್ದು ನನಗೆ ತುಂಬಾ ಸರಿ ಅನ್ನಿಸುತ್ತದೆ. ಮಳೆಯಲ್ಲಿ ಎಲ್ಲರೂ ಒಳಗೇ ಇರುತ್ತಿದ್ದರು, ಅಜ್ಜಿಯ ಮಾತೆಲ್ಲ ಕಿವಿಗೆ ಬಿದ್ದಿದ್ದು ಆಗಲೇ.

ಮುಂಬೈ ಮಾಟುಂಗದಿಂದ:

ನಾವು ಮೂರು ತಲೆಮಾರಿನಿಂದ ಇಲ್ಲಿದ್ದೇವೆ. ಮಗಳಿಗೆ ಕನ್ನಡ ಓದೋಕೆ ಬರಲ್ಲ, ಶಾಲೆಗೆ ಹೊರಡುವಾಗ "ಬರ್ತೀನಿ" ಅನ್ನೋದು ಮಾತ್ರ ಕನ್ನಡದಲ್ಲೇ. ಅಜ್ಜಿ "ಹೂಂ, ಬಾ" ಅನ್ನದಿದ್ದರೆ ಲಿಫ್ಟ್ ಹತ್ತಲ್ಲ.

ತಿಪಟೂರಿನ ಮಗಳು:

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ನಮಸ್ಕಾರ. ದಾವಣಗೆರೆ ಅಕ್ಕ, ಕೋಲಾರದ ಅಣ್ಣ, ನೀವು ಬರೆದದ್ದು ಓದಿದ ಮೇಲೆ ನಾನು ಅಮ್ಮನ ಹತ್ತಿರ ಕೂತು ನಮ್ಮ ಹಿತ್ತಲ ಬಾಗಿಲಿಗೆ ಯಾರು ಯಾರು ಬರುತ್ತಿದ್ದರು, ಅವರಿಗೆ ಯಾವ ಪಾತ್ರೆಯಲ್ಲಿ ಕೊಡುತ್ತಿದ್ದರು ಅಂತ ಕೇಳಿದೆ. ಅಮ್ಮ ಸುಮಾರು ಹೊತ್ತು ಮಾತಾಡಿದಳು. ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಡುತ್ತಿದ್ದ ಲೋಟದ ವಿಷಯವೂ ಬಂತು. ಅದನ್ನೂ ಬರೆದುಕೊಂಡಿದ್ದೇನೆ.

ಮನೆಯ ಹಿರಿಯರ ಹತ್ತಿರ ಕೇಳುವವರಿಗೆ ಒಂದು ಸಲಹೆ. ಎದುರಿಗೆ ಫೋನ್ ಇಟ್ಟು "ಹಳೇ ಮಾತು ಹೇಳಿ" ಅಂದರೆ ಅವರಿಗೆ ಏನೂ ನೆನಪಾಗಲ್ಲ. ಅವರೆಕಾಳು ಸುಲಿಯುವಾಗ, ಬತ್ತಿ ಹೊಸೆಯುವಾಗ ಪಕ್ಕ ಕೂತು ನೀವೂ ಕೈ ಹಾಕಿ, ಆಗ ತಾನಾಗಿ ಬರುತ್ತದೆ. ಅವರು ಹೇಗೆ ಹೇಳುತ್ತಾರೋ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಊರು, ಕೇರಿ ಯಾವುದು ಅಂತಲೂ ಬರೆಯಿರಿ, ಹತ್ತು ಮೈಲಿಗೆ ಮಾತು ಬದಲಾಗುತ್ತದೆ.

ಧಾರವಾಡ ಸೀಮೆ:

ಮುಯ್ಯಿ ಬರೆದಿಟ್ಟ ಪುಸ್ತಕ ಯಾರ ಮನೆಯಲ್ಲಾದರೂ ಇದೆಯೇನ್ರಿ? ಯಾರು ಏನು ಕೊಟ್ಟರು ಅನ್ನೋದು ಅದರಲ್ಲಿ ಇರುತ್ತದೆ, ಆ ಕಾಲದ ಅಳತೆ, ದುಡ್ಡು, ಸಾಮಾನಿನ ಹೆಸರು ಎಲ್ಲ ಸಿಗುತ್ತದೆ.

ಕೋಲಾರದ ಕೆರೆ ಬಯಲು:

ನಮ್ಮದು ಬಾಯಿಲೆಕ್ಕ, ಪುಸ್ತಕ ಇಲ್ಲ. ಆದರೆ ನಮ್ಮ ದೊಡ್ಡಮ್ಮನಿಗೆ ಅವರ ಮದುವೆಗೆ ಯಾರು ಏನು ಕೊಟ್ಟರು ಅಂತ ಇವತ್ತಿಗೂ ಒಬ್ಬೊಬ್ಬರದೂ ನೆನಪಿದೆ. ಯುಗಾದಿಗೆ ಊರಿಗೆ ಹೋಗುತ್ತಿದ್ದೇನೆ, ಸೋಬಾನೆ ಪದವೂ ಅವರಿಗೆ ಕೆಲವು ಬರುತ್ತದೆ, ಎರಡನ್ನೂ ಬರೆದುಕೊಂಡು ಬರುತ್ತೇನೆ.

ಮಂಡ್ಯದವನು:

ನಮ್ಮ ಮನೆಯಲ್ಲಿ ಪುಸ್ತಕ ಇದೆ! ಅತ್ತೆ ಮದುವೆದು, 1968. ಈಗಷ್ಟೇ ಟ್ರಂಕ್‌ನಿಂದ ತೆಗೆದೆ. ಅಂಚೆಲ್ಲ ಗೆದ್ದಲು ತಿಂದಿದೆ, ಒಳಗಿನ ಬರಹ ಚೆನ್ನಾಗಿದೆ. ಮೊದಲ ಪುಟದಲ್ಲಿ ಒಬ್ಬರದು "ಅಕ್ಕಿ 4 ಸೇರು, ಬೆಲ್ಲ 1 ಅಚ್ಚು, ತೆಂಗಿನಕಾಯಿ 2", ಕೆಳಗೆ "ರೂ. 2" ಅಂತ ಇದೆ. ಇನ್ನೊಬ್ಬರ ಹೆಸರಿನ ಮುಂದೆ "ಆಳು 2, ಚಪ್ಪರಕ್ಕೆ" ಅಂತ ಬರೆದಿದ್ದಾರೆ. ಭಾನುವಾರ ಎಲ್ಲ ಪುಟದ ಫೋಟೊ ತೆಗೆದು ಹಾಕ್ತೀನಿ, ಹೆಸರು ಮುಚ್ಚಿ. ಎರಡು ಕಡೆ ಅಕ್ಷರ ನನಗೆ ಓದೋಕೆ ಆಗುತ್ತಿಲ್ಲ, ಮೇಷ್ಟ್ರೇ, ನೀವು ನೋಡಿ ಹೇಳಬೇಕು.